ಹಾಡಿ ಮಕ್ಕಳ ಶಾಲೆಯಲ್ಲಿ ಹಾಡಿಯ ಶಿಕ್ಷಕರೇಕಿಲ್ಲ?

ಸಂಪಾದಕರೇ,

ಶಿಕ್ಷಕರ ನೇಮಕಾತಿ ಸುದ್ದಿ ಬಂದಾಗಲೆಲ್ಲ ಎಷ್ಟು ಹುದ್ದೆ ಖಾಲಿ ಇವೆ ಅನ್ನೋದೇ ಮಾತು. ಆ ಹುದ್ದೆಗೆ ಯಾರು ಬಂದು ಕೂರುತ್ತಾರೆ ಎಂದು ಕೇಳುವವರು ಕಡಿಮೆ. ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 11 ವರ್ಷ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟೂರು ಮಂಡ್ಯ ಕಡೆ. ಜೊತೆಗಿದ್ದ ಮೇಷ್ಟ್ರು ದಿನಾ ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಕ್ಕಳಲ್ಲಿ ಮುಕ್ಕಾಲು ಪಾಲು ಜೇನುಕುರುಬರ ಹಾಡಿಯವರು, ಅಂದರೆ ಕಾಡಂಚಿನ ಆದಿವಾಸಿ ಕೇರಿಯವರು. ಶಾಲೆಯಲ್ಲಿ ಕೆಲಸಕ್ಕಿದ್ದ ಹಾಡಿಯವರು ಮಾತ್ರ ಒಬ್ಬರೇ, ಬಿಸಿಯೂಟದ ಅಡುಗೆಯಮ್ಮ.

ಒಂದು ದಿನ ಎರಡನೇ ತರಗತಿಯ ಹುಡುಗನಿಗೆ ಮರದ ಚಿತ್ರದ ಕಾರ್ಡು ಹಿಡಿದು "ಇದೇನು?" ಎಂದೆ. ಸುಮ್ಮನೆ ನಿಂತ. ಮೂರು ಸಲ ಕೇಳಿದೆ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದನೇ ಹೊರತು ಬಾಯಿ ಬಿಡಲಿಲ್ಲ. ಇವನಿಗೆ ಮರ ಅನ್ನಲೂ ಬರುವುದಿಲ್ಲ ಎಂದುಕೊಂಡು ಬೇರೆ ಮಗುವಿನ ಕಡೆ ತಿರುಗಿದೆ. ಮಧ್ಯಾಹ್ನ ಸಾಂಬಾರ್ ಬಡಿಸುತ್ತಾ ಅಡುಗೆಯಮ್ಮ ನಗುತ್ತಾ ಬಂದರು. ಹುಡುಗ ಅವರ ಹತ್ತಿರ ತಮ್ಮ ಮಾತಿನಲ್ಲಿ ದೂರು ಹೇಳಿದ್ದನಂತೆ: "ಎಲೆ ನೋಡಿದ್ರೆ ಮತ್ತಿ ಅಲ್ಲ, ತೊಗಟೆ ನೋಡಿದ್ರೆ ಹೊನ್ನೆ ಅಲ್ಲ. ಯಾವ ಮರ ಅಂತ ಹೇಳಲಿ?" ನನಗೆ ಊಟ ಸೇರಲಿಲ್ಲ. ಅಷ್ಟು ಹೊತ್ತಿಗೆ ಅವನ ಹೆಸರಿನ ಮುಂದೆ ನಾನು ಏನು ಬರೆದಿದ್ದೆ ಎಂದು ಇಲ್ಲಿ ಹೇಳಲು ನಾಚಿಕೆ.

ಹಾಜರಿ ಪುಸ್ತಕದ ಕಥೆಯೂ ಹೀಗೇ. ಜೂನ್‌ನಲ್ಲಿ ಶಾಲೆ ಶುರುವಾದರೂ ಕೆಲವರು ಬರುತ್ತಿರಲಿಲ್ಲ, ಮನೆಯವರು ಇನ್ನೂ ಜೇನಿಗೆ ಹೋಗುತ್ತಿದ್ದ ಸಮಯ. ಡಿಸೆಂಬರ್ ಬಂದರೆ ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದ ಜೀಪು ಹತ್ತುತ್ತಾರೆ, ಮಕ್ಕಳೂ ಹತ್ತುತ್ತವೆ. ಮೊದಲ ಎರಡು ವರ್ಷ ನಾನು ಕೆಂಪು ಶಾಯಿಯಲ್ಲಿ ಗೈರು ಹಾಕಿ, ಪೋಷಕರಿಗೆ ಕಾಳಜಿ ಇಲ್ಲ ಎಂದು ವರದಿ ಬರೆದೆ. ಹಾಡಿಯಲ್ಲಿ ಬೆಳೆದ ಶಿಕ್ಷಕಿ ಇದ್ದಿದ್ದರೆ ಆ ಎರಡು ವರ್ಷ ಹಾಳಾಗುತ್ತಿರಲಿಲ್ಲ ಅಲ್ವಾ?

ಮಕ್ಕಳಿಗೆ ಆಟವಾಡಿಸುತ್ತಾ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ ಇದೇ ತಾಲ್ಲೂಕಿನಲ್ಲಿ. ಇಡೀ ರಾಜ್ಯಕ್ಕೆ ಪಾಠ ಮಾಡುವ ರೀತಿ ಕೊಟ್ಟ ತಾಲ್ಲೂಕಿಗೆ ತನ್ನ ಹಾಡಿಗಳಿಂದ ಶಿಕ್ಷಕರು ಬರಲಿಲ್ಲ. ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ 3ರಿಂದ 7ಕ್ಕೆ ಏರಿತು, ಸಂತೋಷ. ಆದರೆ ಆ 7ರೊಳಗೆ ಜೇನುಕುರುಬರ ಹುಡುಗಿ ತನಗಿಂತ ಎರಡು ತಲೆಮಾರು ಮೊದಲೇ ಶಾಲೆ ಕಂಡ ದೊಡ್ಡ ಸಮುದಾಯಗಳ ಮಕ್ಕಳ ಜೊತೆ ಓಡಬೇಕು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರೂ ಕಷ್ಟಪಟ್ಟೇ ಬಂದವರು. ಆದರೆ ಓಟ ಒಂದೇ ಗೆರೆಯಿಂದ ಶುರುವಾಗುತ್ತಿಲ್ಲ.

ನಮ್ಮ ತಾಲ್ಲೂಕಿನ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಅಲ್ಲಿ ಕೇರಳ ಸರ್ಕಾರ 2017ರಲ್ಲೇ 'ಗೋತ್ರಬಂಧು' ಎಂಬ ಯೋಜನೆ ತಂದು, ತರಬೇತಿ ಪಡೆದ ಆದಿವಾಸಿ ಯುವಕ ಯುವತಿಯರನ್ನು ಪ್ರಾಥಮಿಕ ಶಾಲೆಗಳಿಗೆ ಮಾರ್ಗದರ್ಶಕ ಶಿಕ್ಷಕರಾಗಿ ನೇಮಿಸಿತು. ಮಕ್ಕಳ ಮನೆಮಾತು ಗೊತ್ತಿರುವವರು ತರಗತಿಯಲ್ಲೇ ಇರಲಿ ಅಂತ. ಅದೇ ಕಾಡು, ಹೆಚ್ಚುಕಡಿಮೆ ಅದೇ ಜನ. ನಮ್ಮಲ್ಲಿ ಯಾಕಾಗದು? ಹಾಡಿ ಮಕ್ಕಳಿರುವ ಶಾಲೆಗಳಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಹಾಡಿಯವರಿಗೆ ಮೊದಲ ಜಾಗ ಕೊಡಲಿ. ಇದಕ್ಕೆ ಜಾಸ್ತಿ ದುಡ್ಡೂ ಬೇಡ.

ಅದೇ ಅಡುಗೆಯಮ್ಮನ ಮಗಳು ಪ್ರಾಥಮಿಕ ಶಾಲಾ ಶಿಕ್ಷಕರ ಕೋರ್ಸು ಡಿ.ಎಲ್.ಇಡಿ ಮುಗಿಸಿದ್ದಾಳೆ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಎರಡು ಸಲ ಕೂತಳು, ಎರಡೂ ಸಲ ಸ್ವಲ್ಪದರಲ್ಲಿ ತಪ್ಪಿತು. ಈಗ ಹಿನ್ನೀರಿನ ಪಕ್ಕದ ರೆಸಾರ್ಟ್ ಒಂದರಲ್ಲಿ ರೂಮು ಗುಡಿಸುತ್ತಾಳೆ. ಪ್ರವಾಸಿಗರು ಕೇಳಿದರೆ ಯಾವುದು ಮತ್ತಿ, ಯಾವುದು ಹೊನ್ನೆ ಎಂದು ತೋರಿಸುತ್ತಾಳಂತೆ.

– ನಿವೃತ್ತ ಶಿಕ್ಷಕಿ, ಎಚ್.ಡಿ. ಕೋಟೆ