ನೀಲಿ ಟೋಪಿ ಹಾಕಿದ ಮಾತ್ರಕ್ಕೆ

ಮಾನ್ಯ ಸಂಪಾದಕರೇ,

ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೊರಟ ಯೋಧರ ಫೋಟೊ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ಮೊದಲು ನೋಡುವುದು ನೀಲಿ ಟೋಪಿಯನ್ನಲ್ಲ, ಬಲಗೈಯ ತೋರುಬೆರಳನ್ನು. ಟ್ರಿಗರ್ ಮೇಲಿದೆಯೋ, ಪಕ್ಕಕ್ಕೆ ಚಾಚಿದೆಯೋ? ಸೈನ್ಯದಲ್ಲಿ ಇದ್ದವನ ಚಟ, ಬಿಡಿ.

ಯುದ್ಧದ ತರಬೇತಿ ಎಂದರೆ ಯೋಚಿಸದೆ ಕೈ ಓಡುವ ಹಾಗೆ ಮಾಡುವುದು. ಗುಂಡಿನ ಸದ್ದು ಕೇಳಿದ ಕೂಡಲೇ ನೆಲಕ್ಕೆ ಬೀಳು, ಮರೆಗೆ ಸರಿ, ತಿರುಗಿ ಹೊಡಿ. ವರ್ಷಗಟ್ಟಲೆ ಇದನ್ನೇ ತಿಕ್ಕಿ ತಿಕ್ಕಿ ಕಲಿಸುತ್ತಾರೆ. ಅದೇ ಹುಡುಗನಿಗೆ ಕೆಲವು ವಾರ ಪಾಠ ಹೇಳಿ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರೆ? ಮುಸ್ಸಂಜೆಯಲ್ಲಿ ಒಂದು ವ್ಯಾನ್ ಬರುತ್ತದೆ. ಕೈ ತೋರಿಸಿದರೂ ನಿಲ್ಲುವುದಿಲ್ಲ. ಬ್ರೇಕ್ ಕೆಟ್ಟಿರಬಹುದು, ಒಳಗೆ ಹೆರಿಗೆ ನೋವಿನ ಹೆಂಗಸು ಇರಬಹುದು, ಬಾಂಬೂ ಇರಬಹುದು. ಕೂಗಬೇಕು, ಲೈಟ್ ಬಿಡಬೇಕು, ಗಾಳಿಯಲ್ಲಿ ಗುಂಡು ಹಾರಿಸಬೇಕು. ಇಷ್ಟಕ್ಕೂ ಸಿಗುವುದು ನಾಲ್ಕೈದು ಸೆಕೆಂಡು. ಯಾವಾಗ ಗುಂಡು ಹಾರಿಸಬಹುದು ಎಂಬ ನಿಯಮದ ಕಾರ್ಡು ಜೇಬಿನಲ್ಲೇ ಇರುತ್ತದೆ, ನಿಜ. ಆ ಕತ್ತಲಲ್ಲಿ ಅದನ್ನು ತೆಗೆದು ಓದುವವರು ಯಾರು?

1993ರಲ್ಲಿ ಸೊಮಾಲಿಯಾದಲ್ಲಿದ್ದ ಕೆನಡಾದ ಏರ್‌ಬೋರ್ನ್ ರೆಜಿಮೆಂಟ್ ಅಪ್ಪಟ ಯುದ್ಧದ ಪಡೆ. ಕದಿಯಲು ಬಂದನೆಂದು ಹಿಡಿದ 16 ವರ್ಷದ ಹುಡುಗನನ್ನು ಅದರ ಸೈನಿಕರು ಹಿಂಸಿಸಿ ಕೊಂದರು. 1995ರಲ್ಲಿ ಇಡೀ ರೆಜಿಮೆಂಟನ್ನೇ ವಿಸರ್ಜಿಸಬೇಕಾಯಿತು.

ಹಾಗಂತ ಯುದ್ಧವನ್ನು ಮರೆಸಿಬಿಟ್ಟರೂ ಕಷ್ಟವೇ. 1987ರ ಜುಲೈ ಕೊನೆಗೆ ಶ್ರೀಲಂಕಾಕ್ಕೆ ಶಾಂತಿ ಕಾಯಲು ಹೋದ ಭಾರತದ ಪಡೆ ಅಕ್ಟೋಬರ್‌ನಲ್ಲಿ ಜಾಫ್ನಾದ ಬೀದಿಬೀದಿಯಲ್ಲಿ ಹೋರಾಡುತ್ತಿತ್ತು. 1990ರಲ್ಲಿ ವಾಪಸ್ ಬರುವಷ್ಟರಲ್ಲಿ ಸಾವಿರಕ್ಕೂ ಜಾಸ್ತಿ ಯೋಧರು ಸತ್ತಿದ್ದರು.

ಎರಡನ್ನೂ ಬೇರೆಬೇರೆಯಾಗಿ ಕಲಿಸಿದರೆ ಸಾಲದು. ಒಂದರಿಂದ ಇನ್ನೊಂದಕ್ಕೆ ಹೊರಳುವುದನ್ನೇ ಕಲಿಸಬೇಕು. ಬೆಳಿಗ್ಗೆ ದಾಳಿಯ ಅಭ್ಯಾಸ ಮಾಡಿದವರನ್ನೇ, ಬೆವರು ಆರುವ ಮೊದಲು, ಕಲ್ಲು ತೂರುವ ಗುಂಪಿನ ಮುಂದೆ ನಿಲ್ಲಿಸಿ. ಭಾಷೆ ಬಾರದ ಮುದುಕಿಯೊಬ್ಬಳು ಅಳುತ್ತ ಬರಲಿ. ರಾತ್ರಿ ಮತ್ತೆ ದಾಳಿ. ಗುಂಡು ಹಾರಿಸಬೇಕೋ ಬೇಡವೋ ಎಂದು ಅಲ್ಲಿ ನಿರ್ಧರಿಸುವವನು ಕೆಳದರ್ಜೆಯ ನಾಯಕ್ ಆಗಿರಲಿ, ಮೇಲಿನ ಕರ್ನಲ್ ಅಲ್ಲ. ಸುಮ್ನೆ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಂಡರೆ ಏನು ಬಂತು?

ವಾಪಸ್ ಬಂದವರ ಬಗ್ಗೆಯಂತೂ ಮಾತೇ ಇಲ್ಲ. ವರ್ಷವಿಡೀ ಕೈ ತಡೆದು ರೂಢಿಯಾದವನು ಗಡಿಯಲ್ಲೂ ಒಂದು ಕ್ಷಣ ತಡೆದರೆ ಅವನೇ ಉಳಿಯುವುದಿಲ್ಲ, ಅಲ್ವಾ? ಅವನಿಗೂ ಮತ್ತೆ ಅಭ್ಯಾಸಕ್ಕೆ ಒಂದಷ್ಟು ದಿನ ಕೊಡಿ. ಅವನ ರಜೆ ಕತ್ತರಿಸಿ ಮಾತ್ರ ಬೇಡ.

— ನಿವೃತ್ತ ಹವಾಲ್ದಾರ್