ಸಂಘದ ವಂತಿಗೆ: ‘ಜಾನಸ್’ ತೀರ್ಪು ನಮಗೆ ಒಗ್ಗುವುದಿಲ್ಲ

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರರ ಸಂಬಳದಲ್ಲಿ ಸಂಘದ ವಂತಿಗೆ ಮುರಿದುಕೊಳ್ಳುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಅಮೆರಿಕದ ಸುಪ್ರೀಂ ಕೋರ್ಟಿನ ‘ಜಾನಸ್’ ತೀರ್ಪನ್ನು (ಸಂಘದ ಸದಸ್ಯರಲ್ಲದ ಸರ್ಕಾರಿ ನೌಕರರಿಂದ ಒಪ್ಪಿಗೆಯಿಲ್ಲದೆ ಹಣ ಮುರಿಯುವಂತಿಲ್ಲ ಎಂಬುದು) ಮುಂದಿಡುತ್ತಾರೆ. ಆ ತೀರ್ಪು ಬಿಡಿಸಿದ ಕಗ್ಗಂಟು ನಮ್ಮಲ್ಲಿ ಇಲ್ಲ. ನಮ್ಮಲ್ಲಿರುವ ತೊಡಕು ಬೇರೆಯೇ.

ಇಲಿನಾಯ್ ರಾಜ್ಯ ಸರ್ಕಾರದಲ್ಲಿ ಮಕ್ಕಳ ಜೀವನಾಂಶ ವಸೂಲಿಯ ಕೆಲಸದಲ್ಲಿದ್ದ ಮಾರ್ಕ್ ಜಾನಸ್ ಸಂಘದ ಸದಸ್ಯರಾಗಿರಲಿಲ್ಲ. ಆದರೂ ಅವರ ಸಂಬಳದಿಂದ ತಿಂಗಳಿಗೆ 44.58 ಡಾಲರ್ ಹೋಗುತ್ತಿತ್ತು. ಸದಸ್ಯರು ಕಟ್ಟುವ ಪೂರ್ತಿ ಶುಲ್ಕದ ಶೇ 78.06ರಷ್ಟು. ಅಲ್ಲಿ ಒಂದು ಘಟಕದ ನೌಕರರಿಗೆಲ್ಲ ಒಂದೇ ಸಂಘ ಪ್ರತಿನಿಧಿ. ಸದಸ್ಯರಲ್ಲದವರ ಪರವಾಗಿಯೂ ಅದೇ ಸಂಘ ಚೌಕಾಸಿ ಮಾಡಬೇಕಾದ್ದರಿಂದ, ಅದರ ಖರ್ಚಿನಲ್ಲಿ ಅವರೂ ಪಾಲು ಕೊಡಲಿ ಎಂಬುದು ವಾದ. ಅದೇ ಕೋರ್ಟಿನ 1977ರ ಅಬೂಡ್ ತೀರ್ಪು ಇದನ್ನು ಒಪ್ಪಿ, ರಾಜಕೀಯ ಖರ್ಚನ್ನು ಮಾತ್ರ ಅವರಿಂದ ವಸೂಲು ಮಾಡಕೂಡದು ಎಂದಿತ್ತು. ಲೆಕ್ಕದ ಆಧಾರವನ್ನು ಮೊದಲೇ ತಿಳಿಸಬೇಕು, ತಕರಾರನ್ನು ತಟಸ್ಥರೊಬ್ಬರು ಬೇಗ ತೀರ್ಮಾನಿಸಬೇಕು, ಅಲ್ಲಿಯವರೆಗೆ ತಕರಾರಿನ ಹಣ ಪ್ರತ್ಯೇಕ ಖಾತೆಯಲ್ಲಿರಬೇಕು ಎಂದು 1986ರಲ್ಲಿ ಹಡ್ಸನ್ ಪ್ರಕರಣದಲ್ಲಿ ಕೋರ್ಟ್ ವಿಧಿಸಿತು. ಇಷ್ಟಾದರೂ ಗೆರೆ ನಿಲ್ಲಲಿಲ್ಲ. ಸರ್ಕಾರಿ ನೌಕರರ ಸಂಬಳ ಏರಿಸಿ ಎಂದರೆ ತೆರಿಗೆದಾರರ ದುಡ್ಡಿನ ಬಗ್ಗೆ ಮಾತಾಡಿದಂತೆಯೇ; ಅದರಲ್ಲಿ ಚೌಕಾಸಿ ಎಷ್ಟು, ರಾಜಕೀಯ ಎಷ್ಟು ಎಂದು ಬಿಡಿಸುವವರು ಯಾರು? ಕೊನೆಗೆ ಜಾನಸ್ ಪ್ರಕರಣದಲ್ಲಿ 2018ರ ಜೂನ್ 27ರಂದು 5–4ರ ಬಹುಮತದಿಂದ, ಸದಸ್ಯರಲ್ಲದವರಿಂದ ಸ್ಪಷ್ಟ ಒಪ್ಪಿಗೆಯಿಲ್ಲದೆ ಏನನ್ನೂ ಮುರಿಯುವಂತಿಲ್ಲ ಎಂದಾಯಿತು.

ಸಂಘ ಸೇರದವರ ಸಂಬಳಕ್ಕೆ ಕೈ ಹಾಕಲು ನಮ್ಮಲ್ಲಿ ಕಾನೂನೇ ಇಲ್ಲ. ರಾಜಕೀಯ ನಿಧಿಯ ವಿಷಯದಲ್ಲಂತೂ ಅಬೂಡ್‌ಗೆ ಅರ್ಧ ಶತಮಾನ ಮೊದಲೇ ನಾವು ನಿಯಮ ಬರೆದುಕೊಂಡಿದ್ದೆವು. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 15ನೇ ಕಲಂ ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಬಳಸಬಹುದು ಎಂದು ಪಟ್ಟಿ ಮಾಡಿತ್ತು: ಕಚೇರಿ ಖರ್ಚು, ಕೋರ್ಟ್ ಖರ್ಚು, ಕೈಗಾರಿಕಾ ವಿವಾದ, ಸದಸ್ಯರ ಕುಟುಂಬಕ್ಕೆ ನೆರವು ಇತ್ಯಾದಿ. ಚುನಾವಣೆ ಅದರಲ್ಲಿರಲಿಲ್ಲ. ಅಭ್ಯರ್ಥಿಯ ಖರ್ಚು, ರಾಜಕೀಯ ಸಭೆ, ಕರಪತ್ರ ಇವಕ್ಕೆ 16ನೇ ಕಲಂ ಪ್ರಕಾರ ಬೇರೆ ನಿಧಿ ಇರಬೇಕಿತ್ತು, ಅದಕ್ಕೆ ವಂತಿಗೆಯನ್ನೂ ಬೇರೆಯಾಗಿಯೇ ಎತ್ತಬೇಕಿತ್ತು. ಕೊಡು ಎಂದು ಯಾರನ್ನೂ ಬಲವಂತ ಮಾಡುವಂತಿರಲಿಲ್ಲ. ಕೊಡದವರಿಗೆ ಆ ನಿಧಿಯ ಆಡಳಿತದಲ್ಲಿ ಪಾಲು ತಪ್ಪಬಹುದಿತ್ತೇ ಹೊರತು ಸಂಘದ ಬೇರಾವ ಸೌಲಭ್ಯವೂ ತಪ್ಪುವಂತಿರಲಿಲ್ಲ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದೇ ತತ್ವವನ್ನು ಉಳಿಸಿಕೊಂಡಿದೆ.

ಆದರೆ ಈ ಅವಕಾಶ ಕಾರ್ಖಾನೆ, ಸಾರಿಗೆ, ಬ್ಯಾಂಕ್ ಮುಂತಾದ ಕಡೆಯ ಕಾರ್ಮಿಕ ಸಂಘಗಳಿಗೆ. ಕಚೇರಿಯ ಗುಮಾಸ್ತರ, ಅಧಿಕಾರಿಗಳ ಸೇವಾ ಸಂಘಗಳ ಕತೆ ಬೇರೆ. ಕೇಂದ್ರ ಸರ್ಕಾರದ 1993ರ ಸೇವಾ ಸಂಘಗಳ ಮಾನ್ಯತೆ ನಿಯಮಗಳಂತೆ ಮಾನ್ಯತೆ ಬೇಕೆಂದರೆ ಸಂಘ ರಾಜಕೀಯ ನಿಧಿ ಇಟ್ಟುಕೊಳ್ಳಲೇಬಾರದು, ಯಾವ ಪಕ್ಷದ ವಿಚಾರವನ್ನೂ ಹರಡಬಾರದು. ಆ ವರ್ಗದ ನೌಕರರಲ್ಲಿ ಸಾಮಾನ್ಯವಾಗಿ ಶೇ 35ರಷ್ಟು ಸದಸ್ಯರೂ ಇರಬೇಕು. ಆ ಲೆಕ್ಕ ಸಿಗುವುದು ಸಂಬಳದ ಬಿಲ್ಲಿನ ಕಡಿತದಿಂದಲೇ. ಹೀಗಾಗಿ ನಿಮ್ಮ ಸಂಬಳದಲ್ಲಿ ಮುರಿದ ವಂತಿಗೆ ಸಂಘದ ಮಾನ್ಯತೆಗೆ ಒಂದು ಮತವೂ ಹೌದು. ಪದಾಧಿಕಾರಿಗಳಿಗೆ ಅದರ ಮೇಲೆ ಅಷ್ಟು ಆಸೆ ಏಕೆ ಎಂಬುದಕ್ಕೆ ಇಲ್ಲಿ ಅರ್ಧ ಉತ್ತರ ಸಿಗುತ್ತದೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಒಪ್ಪಿಗೆ ಪತ್ರವಿಲ್ಲದ ಕಡಿತ. ‘ಬೇಡ ಎಂದು ಬರೆದುಕೊಡದವರೆಲ್ಲ ಒಪ್ಪಿದಂತೆ’ ಎಂಬ ಸುತ್ತೋಲೆ ಒಪ್ಪಿಗೆಯಾಗದು. 1936ರ ವೇತನ ಪಾವತಿ ಕಾಯ್ದೆ ತನ್ನ ವ್ಯಾಪ್ತಿಯ ನೌಕರರ ಯೂನಿಯನ್ ಶುಲ್ಕಕ್ಕೆ ಲಿಖಿತ ಅಧಿಕಾರಪತ್ರ ಕೇಳಿತ್ತು. ಆ ಅಳತೆ ಎಲ್ಲರಿಗೂ ಸರಿಯಾದದ್ದು. ಇನ್ನೊಂದು, ರಸೀದಿಯಿಲ್ಲದ ವಸೂಲಿ: ಸಮಾವೇಶ ನಿಧಿ, ಸನ್ಮಾನ ನಿಧಿ, ಹೋರಾಟ ನಿಧಿ. ವಂತಿಗೆಯಾದರೂ ಪೇ ಸ್ಲಿಪ್‌ನಲ್ಲಿ ಕಾಣುತ್ತದೆ. ಕೈಯಿಂದ ಕೈಗೆ ಹೋದ ಐನೂರು ರೂಪಾಯಿ ಸಚಿವರ ಶಾಲು, ಹಾರ, ಪತ್ರಿಕೆಯ ಅಭಿನಂದನಾ ಜಾಹೀರಾತಾಗಿ ಹೊರಬಿದ್ದರೆ ಕೇಳುವವರೇ ಇಲ್ಲ. ಚುನಾವಣೆ ಹತ್ತಿರದಲ್ಲಿದ್ದರೆ ಅದನ್ನು ರಾಜಕೀಯ ಖರ್ಚಲ್ಲ ಎನ್ನುವುದಕ್ಕೆ ಗಟ್ಟಿ ಎದೆ ಬೇಕು.

ಅನುಮಾನವಿದ್ದವರು ಮಾಡಬೇಕಾದದ್ದು ಇಷ್ಟು. ಪೇ ಸ್ಲಿಪ್‌ನ ಕಡಿತದ ಸಾಲುಗಳನ್ನು ಓದಿ. ಯಾವ ಸಂಘದ ಹೆಸರಿನಲ್ಲಿ, ಯಾವ ತಿಂಗಳಿಂದ ಕಡಿತವಿದೆ ಎಂದು ಬರೆದಿಟ್ಟುಕೊಂಡು, ನನ್ನ ಒಪ್ಪಿಗೆ ಪತ್ರದ ಪ್ರತಿ ಕೊಡಿ ಎಂದು ವೇತನ ಬಟವಾಡೆ ಅಧಿಕಾರಿಗೆ (ಡಿಡಿಒ) ಲಿಖಿತವಾಗಿ ಕೇಳಿ. ಪತ್ರ ಇಲ್ಲದಿದ್ದರೆ ಕಡಿತ ನಿಲ್ಲಿಸಲು ಅದೇ ಮನವಿಯಲ್ಲಿ ತಿಳಿಸಿ, ಒಂದು ಪ್ರತಿ ಸಂಘದ ಕಾರ್ಯದರ್ಶಿಗೆ ಕಳುಹಿಸಿ, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿಲ್ಲು ತಯಾರಾಗುವ ಮೊದಲೇ ಕೊಡಬೇಕು; ತಡವಾದರೆ ಆ ತಿಂಗಳೂ ಕಡಿತವಾಗಿ, ಮರಳಿ ಪಡೆಯಲು ಸಂಘದ ಬಾಗಿಲು ತಟ್ಟಬೇಕಾಗುತ್ತದೆ. ಸದಸ್ಯರಾಗಿಯೇ ಉಳಿಯುವವರು ಲೆಕ್ಕ ಕೇಳಲಿ. ಕಾರ್ಮಿಕ ಸಂಘದ ಲೆಕ್ಕಪುಸ್ತಕ ನೋಡುವ ಹಕ್ಕನ್ನು 1926ರ ಕಾಯ್ದೆಯ 20ನೇ ಕಲಂ ಸದಸ್ಯರಿಗೆ ಕೊಟ್ಟಿತ್ತು. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ, ಲೆಕ್ಕಪತ್ರ ವಾರ್ಷಿಕ ಮಹಾಸಭೆಯ ಮುಂದೆ ಬರಬೇಕು.

ಸ್ವಂತ ಜೇಬಿನಿಂದ ಪಕ್ಷಕ್ಕೆ ದೇಣಿಗೆ ಕೊಟ್ಟರೆ ತಪ್ಪೇನು ಎಂದು ಕೇಳುವವರಿದ್ದಾರೆ. ಕೇಂದ್ರ ನಡತೆ ನಿಯಮಗಳ 5ನೇ ನಿಯಮ ಪಕ್ಷದ ಸದಸ್ಯತ್ವದ ಜೊತೆಗೆ ರಾಜಕೀಯ ಚಟುವಟಿಕೆಗೆ ಹಣ ಕೊಡುವುದನ್ನೂ ನಿಷೇಧಿಸುತ್ತದೆ. ರಾಜ್ಯದ ನಿಯಮಗಳದೂ ಅದೇ ಜಾಡು. ಆದಾಯ ತೆರಿಗೆ ಉಳಿಸಲು ಪಕ್ಷದ ದೇಣಿಗೆ ತೋರಿಸಿದ ನೌಕರ ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಸಹಿ ಹಾಕಿ ಸಲ್ಲಿಸಿದಂತೆ. ಬೈಕಿಗೆ ಚುನಾವಣಾ ಚಿಹ್ನೆ ಅಂಟಿಸಿದರೂ ಪ್ರಭಾವ ಬೀರಿದಂತೆಯೇ. ಮತಗಟ್ಟೆ ಏಜೆಂಟರಾಗಿ ಕೂತರಂತೂ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಆಗಬಹುದು.

ಇಷ್ಟೆಲ್ಲ ಬಿಗಿಯಾದ ಮೇಲೆ ನೌಕರನ ಪಾಲಿಗೆ ಉಳಿಯುವುದು ಮಾತು. ಅಮೆರಿಕದಿಂದ ಏನಾದರೂ ತರುವುದಿದ್ದರೆ ಜಾನಸ್‌ಗಿಂತ 1968ರ ಪಿಕರಿಂಗ್ ತೀರ್ಪನ್ನು ತರಬೇಕು. ಅದೂ ಇಲಿನಾಯ್‌ನದೇ. ಆಟೋಟಕ್ಕೂ ಪಾಠಕ್ಕೂ ಶಾಲಾ ಮಂಡಳಿ ಹಣ ಹಂಚಿದ ರೀತಿಯನ್ನು ಟೀಕಿಸಿ ಶಿಕ್ಷಕರೊಬ್ಬರು ಸ್ಥಳೀಯ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು ಕೆಲಸ ಕಳೆದುಕೊಂಡಿದ್ದರು. ಸಾರ್ವಜನಿಕ ವಿಷಯದಲ್ಲಿ ನಾಗರಿಕನಾಗಿ ಆಡಿದ ಮಾತಿಗೆ ರಕ್ಷಣೆಯಿದೆ, ಅದನ್ನು ಕಚೇರಿಯ ಶಿಸ್ತಿನೊಂದಿಗೆ ತೂಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಹಾಗಲ್ಲ. ಸರ್ಕಾರದ ಈಚಿನ ನೀತಿಯ ಮೇಲೆ ‘ಪ್ರತಿಕೂಲ ಟೀಕೆ’ ಎನಿಸುವ ಯಾವ ಮಾತನ್ನೂ ಕೇಂದ್ರದ 9ನೇ ನಿಯಮ ತಡೆಯುತ್ತದೆ. ಕೆಲವು ವರ್ಗಗಳ ನೌಕರರ ಸಂಘದ ಪದಾಧಿಕಾರಿಗಳು ಸೇವಾ ಷರತ್ತುಗಳ ಬಗ್ಗೆ ಪ್ರಾಮಾಣಿಕವಾಗಿ ಆಡಿದ ಮಾತಿಗಷ್ಟೇ ವಿನಾಯಿತಿ. ಸಾಮಾನ್ಯ ಸದಸ್ಯ ಬಾಯಿ ಬಿಡುವಂತಿಲ್ಲ. ಅವನ ಹೆಸರಿನಲ್ಲಿ ಮಾತಾಡುವ ಪದಾಧಿಕಾರಿ ಬಿಡಬಹುದು. ವಂತಿಗೆಯ ಲೆಕ್ಕವನ್ನು ಪಟ್ಟು ಹಿಡಿದು ಕೇಳಬೇಕಾದ್ದು ಅದಕ್ಕೇ.

ಕೋರ್ಟುಗಳು ಆಗಾಗ ಕಿಟಕಿ ತೆರೆದಿವೆ. ಪ್ರದರ್ಶನವನ್ನೇ ನಿಷೇಧಿಸಿದ್ದ ಬಿಹಾರದ ನಿಯಮವನ್ನು 1962ರಲ್ಲಿ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಮುಷ್ಕರದ ಹಕ್ಕನ್ನು ಮಾತ್ರ ಒಪ್ಪಲಿಲ್ಲ. ನಿವೃತ್ತಿಗೆ ಕೆಲವೇ ದಿನ ಇರುವಾಗ ಅಮಾನತಾದ ಮೀನುಗಾರಿಕೆ ಇಲಾಖೆಯ ನೌಕರರೊಬ್ಬರ ಪ್ರಕರಣದಲ್ಲಿ 2020ರಲ್ಲಿ ತ್ರಿಪುರಾ ಹೈಕೋರ್ಟ್, ರ‍್ಯಾಲಿಗೆ ಹೋಗಿ ನಿಂತದ್ದೇ ಭಾಗವಹಿಸಿದಂತಲ್ಲ ಎಂದಿತು. ಫೇಸ್‌ಬುಕ್‌ನಲ್ಲಿ ತನ್ನ ನಂಬಿಕೆ ಬರೆದುಕೊಂಡದ್ದೂ ಅಪರಾಧವಾಗಲಿಲ್ಲ. ಆದರೆ ಆ ನೌಕರರು ಹೈಕೋರ್ಟಿನವರೆಗೆ ಹೋಗಬೇಕಾಯಿತು.

ಜಾನಸ್ ವಾದಕ್ಕೆ ಮುಂದೆ ಒಂದು ಕಡೆ ಮಾತ್ರ ಜಾಗ ಸಿಗಬಹುದು. ಹೊಸ ಸಂಹಿತೆಯಲ್ಲಿ ಶೇ 51 ಕಾರ್ಮಿಕರ ಬೆಂಬಲವಿರುವ ಯೂನಿಯನ್ನೇ ಏಕೈಕ ಮಾತುಕತೆಯ ಸಂಘ. ಉಳಿದ ಶೇ 49 ಮಂದಿಯ ಸಂಬಳವನ್ನೂ ಅದೇ ಕುದುರಿಸಿದ ಮೇಲೆ, ಅವರಿಂದಲೂ ಪಾಲು ಕೊಡಿಸಿ ಎಂಬ ಬೇಡಿಕೆ ಏಳುವುದು ಖಂಡಿತ. ಕಾರ್ಮಿಕ ಇಲಾಖೆ ಅದಕ್ಕೆ ಈಗಲೇ, ನಿಯಮಗಳಲ್ಲೇ, ‘ಇಲ್ಲ’ ಎಂದು ಬರೆದಿಡಬೇಕು.

– ಸೇವಾ ಕಾನೂನು ಸಲಹೆಗಾರ, ಹುಬ್ಬಳ್ಳಿ