ಬ್ರೂಜ್‌ನಲ್ಲಿ ನಾವು ನಿಜವಾಗಿ ಮಾಡಿದ್ದು

ಕುಂದಾಪುರ

ಪ್ರೀತಿಯ ಪುಟ್ಟೀ,

ಊರು ಮುಟ್ಟಿ ಹತ್ತು ದಿನವಾಯಿತು. ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಬಂದರೆ ಸಾಕು, ಅಪ್ಪಯ್ಯ ಸ್ಪೀಕರಿಗೆ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಅವರ ಕಿವಿಗೆ ಬೀಳಬಾರದ್ದು ಒಂದಿದೆ. ಅದಕ್ಕೇ ಈ ಕಾಗದ.

ನಿನಗೆ ರಜೆ ಸಿಗದೆ ನಮ್ಮಿಬ್ಬರನ್ನೇ ಐಂಡ್‌ಹೋವನ್ನಿನಲ್ಲಿ ರೈಲು ಹತ್ತಿಸಿ ಬೆಲ್ಜಿಯಮ್ಮಿನ ಬ್ರೂಜ್‌ಗೆ ಕಳಿಸಿದೆಯಲ್ಲ, ಎರಡು ರಾತ್ರಿಗೆ ಹನ್ನೊಂದು ಜಾಗಗಳ ಪಟ್ಟಿ ಕೊಟ್ಟು, ಗಂಟೆ ಸಮೇತ! ವಾಪಸು ಬಂದಾಗ "ಎಲ್ಲ ನೋಡಿದೆವು" ಎಂದೆ. ನೋಡಿದ್ದು ಐದೇ. ಕಾಲುವೆಯ ದೋಣಿಯನ್ನು ಹತ್ತಲೇ ಇಲ್ಲ. ಟಿಕೆಟ್ಟಿನ ದರದ ಬೋರ್ಡು ಓದಿ ಅಪ್ಪಯ್ಯ, "ಗಂಗೊಳ್ಳಿಗೆ ದೋಣಿಯಲ್ಲಿ ದಾಟಿ ಬೆಳೆದವ ನಾನು, ಸುಮ್ಮನೆ ಕೂತು ಬರಲಿಕ್ಕೆ ಇಷ್ಟು ದುಡ್ಡಾ?" ಎಂದು ಹೊರಟೇಬಿಟ್ಟರು. ಫೋಟೋದಲ್ಲಿ ದೋಣಿಯ ಹತ್ತಿರ ನಿಂತಿದ್ದೇವೆ ನೋಡು, ಅಷ್ಟೇ.

ಆ ನೀರು ನನಗೆ ಮೊದಲು ಅಷ್ಟೇನೂ ಹಿಡಿಸಲಿಲ್ಲ. ಇಟ್ಟಿಗೆಯ ಗೋಡೆಗಳು ನೇರ ನೀರಿಗೇ ಇಳಿದಿವೆ, ಚೆಂದವೇ. ಆದರೆ ನೀರು ಅಲ್ಲಾಡುವುದೇ ಇಲ್ಲ. ಹೊಳೆದಂಡೆಯಲ್ಲಿ ಹುಟ್ಟಿದವಳಿಗೆ ಏರಿಳಿತ ಇಲ್ಲದ ನೀರು ನೋಡಿದರೆ ಒಂಥರಾ ಕಸಿವಿಸಿ. ಸಮುದ್ರ ಎಲ್ಲಿ ಎಂದು ಹುಡುಕಿದರೆ, ಹತ್ತು ಮೈಲಿಯಾಚೆ! ಇದು ಒಂದು ಕಾಲಕ್ಕೆ ದೊಡ್ಡ ಬಂದರು ಹೇಗಾಗಿತ್ತು?

ಆಮೇಲೆ ಗೊತ್ತಾಯಿತು. 1134ರ ಬಿರುಗಾಳಿಗೆ ಕಡಲು ಒಳನುಗ್ಗಿ ಜ್ವಿನ್ ಎಂಬ ಕೋಡಿ ತೆರೆದುಕೊಂಡಿತಂತೆ. ಹಡಗುಗಳು ಅದರಲ್ಲಿ ಬಂದು ಡಾಮ್ಮೆ ಎಂಬ ಊರಿನಲ್ಲಿ ನಿಲ್ಲುವುದು, ಸರಕು ಅಲ್ಲಿಂದ ಕಾಲುವೆಯಲ್ಲಿ ಬ್ರೂಜ್‌ಗೆ. ಇಂಗ್ಲೆಂಡಿನ ಉಣ್ಣೆ, ವೆನಿಸ್ಸಿನವರು ತರುತ್ತಿದ್ದ ಕಾಳುಮೆಣಸು. ಆ ಮೆಣಸು ಬೆಳೆಯುತ್ತಿದ್ದದ್ದು ನಮ್ಮ ಈ ಕಡಲ ದಂಡೆಯ ಬೆನ್ನಿಗಿರುವ ಘಟ್ಟದಲ್ಲೇ ಅಲ್ಲವಾ. ಮತ್ತೆ ಕೋಡಿಯಲ್ಲಿ ಹೂಳು ತುಂಬಿತು. ತೆಗೆದಷ್ಟೂ ತುಂಬಿತು. 1500ರ ಹೊತ್ತಿಗೆ ವ್ಯಾಪಾರಿಗಳೆಲ್ಲ ಆಂಟ್ವರ್ಪಿಗೆ ಹೋದರು. ನಾವು ರೈಲು ಬದಲಿಸಿದೆವಲ್ಲ, ಅದೇ ಆಂಟ್ವರ್ಪ್. ಬ್ರೂಜ್ ಎಷ್ಟು ಬಡವಾಯಿತೆಂದರೆ ಹಳೆ ಮನೆ ಕೆಡವಿ ಹೊಸದು ಕಟ್ಟಲಿಕ್ಕೂ ಯಾರ ಕೈಯಲ್ಲೂ ಕಾಸಿರಲಿಲ್ಲ. ಹಾಗಾಗಿ ಉಳಿಯಿತು. 2000ನೇ ಇಸವಿಯಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ನನಗೆ ನನ್ನ ತವರಿನದ್ದೇ ನೆನಪು. ಬಸ್ರೂರಿನಿಂದ ಪೋರ್ಚುಗೀಸರು ಅಕ್ಕಿ ಒಯ್ಯುತ್ತಿದ್ದರು, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಕೊಳ್ಳೆ ಹೊಡೆಯುವಷ್ಟು ಸಿರಿ ಆ ಊರಿನಲ್ಲಿತ್ತು. ಈಗ ಬಸ್ಸು ನಿಂತಾಗ ನಾಲ್ಕು ಜನ ಇಳಿದರೆ ಹೆಚ್ಚು. ನಮ್ಮಲ್ಲೂ ಬಡತನ ಬಂತು, ಆದರೆ ಏನನ್ನೂ ಉಳಿಸಿಕೊಡಲಿಲ್ಲ. ಮಳೆ ಜಾಸ್ತಿಯಾಯಿತೋ ಏನೋ.

ಅಪ್ಪಯ್ಯನಿಗೆ ಇಡೀ ಊರಿನಲ್ಲಿ ಮೆಚ್ಚುಗೆಯಾದದ್ದು ಒಂದು ಮನೆ. ಫಾನ್ ಡೆರ್ ಬ್ಯೂರ್ಜೆ ಎಂಬ ಕುಟುಂಬ ನಡೆಸುತ್ತಿದ್ದ ಛತ್ರ. ಊರೂರಿನ ವ್ಯಾಪಾರಿಗಳು ಅದರ ಮುಂದೆ ಸೇರಿ ಹುಂಡಿ, ಹಣ ಅದಲುಬದಲು ಮಾಡುತ್ತಿದ್ದರಂತೆ. ಶೇರುಪೇಟೆಗೆ ಯೂರೋಪಿನವರು 'ಬೋರ್ಸ್' ಎನ್ನುವುದು ಅವರ ಹೆಸರಿನಿಂದಲೇ ಬಂದದ್ದಂತೆ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವರು, ಆ ಗೋಡೆಗೆ ಕೈ ಮುಗಿಯದೆ ಬಂದದ್ದೇ ಪುಣ್ಯ. ಅಲ್ಲೇ ಅರ್ಧ ಗಂಟೆ ಹೋಯಿತು.

ನನಗೆ ಬೇಕಾದದ್ದು ಬೆಗೈನ್‌ಹೋಫ್. 1245ರಿಂದ ಇದೆ. ಸೇತುವೆ ದಾಟಿ ಒಳಗೆ ಹೋದರೆ ಬಿಳಿ ಬಿಳಿ ಮನೆಗಳು, ನಡುವೆ ಉದ್ದನೆಯ ಮರಗಳು, ಮಾತಾಡಬೇಡಿ ಎಂಬ ಫಲಕ. ಮದುವೆಯಾಗದ ಹೆಂಗಸರು, ಗಂಡ ತೀರಿಕೊಂಡವರು ಒಟ್ಟಿಗಿದ್ದು ತಮ್ಮ ದುಡಿಮೆಯಲ್ಲಿ ತಾವು ಬದುಕುತ್ತಿದ್ದರಂತೆ. ದೇವರ ಧ್ಯಾನ ಸರಿ, ಆದರೆ ಸನ್ಯಾಸಿನಿಯರ ಹಾಗೆ ಜೀವನಪೂರ್ತಿಯ ವ್ರತವಿಲ್ಲ. ಬೇಡವೆನಿಸಿದರೆ ಹೋಗಿ ಮದುವೆಯಾಗಬಹುದು! 1927ರಿಂದ ಅಲ್ಲಿರುವುದು ಬೆನೆಡಿಕ್ಟೈನ್ ಸನ್ಯಾಸಿನಿಯರು. ನನ್ನ ದೊಡ್ಡಮ್ಮ ನಿನಗೆ ನೆನಪಿದೆಯಾ? ಇಪ್ಪತ್ತೆರಡಕ್ಕೆ ಗಂಡ ಹೋದ ಮೇಲೆ ಅಣ್ಣನ ಮನೆಯ ಉಗ್ರಾಣದ ಪಕ್ಕದ ಕೋಣೆಯಲ್ಲಿ ಐವತ್ತು ವರ್ಷ ಕಳೆದಳು. ಅವಳನ್ನು ಇಲ್ಲಿಗೊಮ್ಮೆ ಕರೆತರಬೇಕಿತ್ತು. ಮಾತಾಡಬೇಡಿ ಎಂದರೆ ಅವಳಿಗೆ ಕಷ್ಟವಾಗುತ್ತಿತ್ತು, ಅದೊಂದೇ.

ಮೈಕೆಲೆಂಜೆಲೊ ಕೆತ್ತಿದ ಮೇರಿ ಮತ್ತು ಮಗು ಏಸುವಿನ ಮೂರ್ತಿಯನ್ನೂ ನೋಡಿದೆವು, ಗಾಜಿನ ಆಚೆಯಿಂದ. 1794ರಲ್ಲಿ ಫ್ರೆಂಚರು, 1944ರಲ್ಲಿ ಜರ್ಮನರು, ಹೀಗೆ ಎರಡು ಸಲ ಕಳ್ಳತನವಾಗಿ ಎರಡು ಸಲವೂ ವಾಪಸು ಬಂದದ್ದು. ಎರಡನೇ ಸಲ ಸಿಕ್ಕಿದ್ದು ಆಸ್ಟ್ರಿಯಾದ ಉಪ್ಪಿನ ಗಣಿಯೊಂದರಲ್ಲಿ. ಮಗು ಮಡಿಲಿನಿಂದ ಜಾರಿ ಇಳಿಯುತ್ತಿದೆ, ತಾಯಿ ಬೇರೆ ಕಡೆ ನೋಡುತ್ತಿದ್ದಾಳೆ. ಮಗುವಿನ ಕೈ ಮಾತ್ರ ಅವಳ ಕೈಯಲ್ಲೇ ಇದೆ.

ಈಗ ಗಂಟೆ ಗೋಪುರದ ವಿಷಯ. 366 ಮೆಟ್ಟಿಲನ್ನೂ ಇಬ್ಬರೂ ಹತ್ತಿದೆವು ಎಂದದ್ದು ಸುಳ್ಳು, ಮಾರಾಯ್ತಿ. ಹತ್ತಿದ್ದು ನಾನೊಬ್ಬಳೇ. ಅಪ್ಪಯ್ಯನ ಎಡಮಂಡಿ ಬಾತಿತ್ತು. ನಿನಗೆ ಹೇಳಿದರೆ ಕೂಡಲೇ ಡಾಕ್ಟರ ಹತ್ತಿರ ಹೊರಡಿಸುತ್ತೀ ಎಂದು ಬಾಯಿ ಮುಚ್ಚಿಸಿದ್ದರು. (ಈಗ ಇಳಿದಿದೆ. ಕೊಟ್ಟಕ್ಕಲ್ ತೈಲ ಹಚ್ಚುತ್ತಿದ್ದೇನೆ.) ಮೇಲೆ ಹೋದ ಹಾಗೆ ಮೆಟ್ಟಿಲು ಕಿರಿದಾಗುತ್ತ ಹೋಗುತ್ತದೆ, ಹಿಡಿಯಲಿಕ್ಕೆ ಒಂದು ಹಗ್ಗ. ಎದುರಿನಿಂದ ಇಳಿಯುವವರು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದೆ. 47 ಗಂಟೆಗಳು, ಅವನ್ನು ತಾನೇ ಬಾರಿಸುವ ಮೈತುಂಬ ಮೊಳೆಯ ದೊಡ್ಡ ಲೋಹದ ಉರುಳೆ, ತುದಿಯಲ್ಲಿ ಜಾಲರಿ ಹಾಕಿದ ಕಿಂಡಿ. ಕೆಳಗೆ ಕೆಂಪು ಮಾಡು, ಆಚೆಗೆ ಹಪ್ಪಳದಂತೆ ಚಪ್ಪಟೆ ನೆಲ. ಜಾಲರಿಗೆ ಮೂಗು ಹಚ್ಚಿ ಅಪ್ಪಯ್ಯನನ್ನು ಹುಡುಕಿದೆ. ಕೂರಿಸಿ ಬಂದಿದ್ದ ಬೆಂಚು ಖಾಲಿ! ಇಳಿಯುವಾಗ ಮೆಟ್ಟಿಲು ಲೆಕ್ಕ ಮಾಡಲೂ ನೆನಪಾಗಲಿಲ್ಲ.

ಎಲ್ಲಿದ್ದರು ಗೊತ್ತಾ? ಗೋಪುರದ ಬುಡದ ಅಂಗಡಿಯ ಸಾಲಿನಲ್ಲಿ, ಕಾಗದದ ಪೊಟ್ಟಣದಲ್ಲಿ ಆಲೂಗಡ್ಡೆ ಫ್ರೈಸ್ ಹಿಡಿದು, ಎರಡನೇ ಸಲಕ್ಕೆ. "ಇಷ್ಟು ಗರಿಗರಿ ನಮ್ಮ ಭಟ್ಟರ ಹೋಟೆಲಿನಲ್ಲೂ ತಿಂದಿಲ್ಲ ಕಣೇ." ನನ್ನ ಕಾಲು ನಡುಗುತ್ತಿತ್ತು, ಬೈಯಲಿಕ್ಕೂ ಉಸಿರಿಲ್ಲ. ನಾನು ತಿನ್ನಲಿಲ್ಲ.

ಸಂಜೆಯಾದ ಮೇಲೆ ದಿನದ ಪ್ರವಾಸಿಗಳೆಲ್ಲ ಹೋಗಿ ಊರು ಖಾಲಿಯಾಯಿತು. ನಿನ್ನ ಪಟ್ಟಿಯಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ. ಮೊಸರವಲಕ್ಕಿ ತಿಂದು ಹೊರಟೆವು. ಕಲ್ಲುಹಾಸಿನ ಮೇಲೆ ಮಂಡಿನೋವಿಗೆ ಅಪ್ಪಯ್ಯ ನನ್ನ ಭುಜ ಹಿಡಿದುಕೊಂಡು ನಡೆದರು. ಕುಂದಾಪುರದ ಪೇಟೆಯಲ್ಲಾದರೆ ಕುಂಟಿಕೊಂಡು ನಾಲ್ಕು ಮಾರು ಮುಂದೆ ಹೋಗುತ್ತಿದ್ದರು.

ಇನ್ನು, ಕಾಗದ ಬರೆದದ್ದೇ ಇದಕ್ಕೆ. ವಾಪಸು ರೈಲಿನಲ್ಲಿ ನಮ್ಮೆದುರು ಓದುವ ಹುಡುಗಿಯೊಬ್ಬಳು ಕೂತಿದ್ದಳು, ಮಂಗಳೂರಿನವಳು. ಅಪ್ಪಯ್ಯ ನಿದ್ದೆ ಹೋದ ಮೇಲೆ ಮಾತಿಗೆ ಮಾತು ಬಂದು ಹೇಳಿದಳು, ಆ ದೇಶದಲ್ಲಿ ಫ್ರೈಸನ್ನು ಎರಡು ಸಲ ಕರಿಯುತ್ತಾರೆ, ಹಳೆಯ ಪದ್ಧತಿಯಲ್ಲಿ ದನದ ಕೊಬ್ಬಿನಲ್ಲಿ ಎಂದು. ಆ ಅಂಗಡಿಯವನದು ಯಾವ ಎಣ್ಣೆಯೋ, ನಾನು ಕೇಳಿಲ್ಲ, ನೀನೂ ಕೇಳಿ ತಿಳಿದುಕೊಳ್ಳಬೇಡ. ಅಪ್ಪಯ್ಯ ನಿನ್ನೆ ಸಂಧ್ಯಾವಂದನೆ ಮುಗಿಸಿ ಬಂದು, ಮುಂದಿನ ವರ್ಷವೂ ಬ್ರೂಜ್‌ಗೆ ಹೋಗಬೇಕು ಎಂದರು. ಏನಾದರೂ ನೆವ ಹುಡುಕಿಡು.

ಇಂತು ನಿನ್ನ
ಅಮ್ಮ